ದಿತ್ವಾ ಗಾಳಿ, ನಾಟಿ ಕೋಳಿ

2025ರ ಡಿಸೆಂಬರ್ 2, ಮಂಗಳವಾರ. ಶಿವಾಜಿನಗರ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಬೆಳಗ್ಗೆಯೇ ಟಿ.ವಿ. ಗಂಟಲು ಬಿರಿಯುವಂತೆ ಕೂಗುತ್ತಿತ್ತು. ಮೂರು ದಿನದ ಹಿಂದೆ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮನೆಯಲ್ಲಿ ತಿಂಡಿಯಾಗಿತ್ತು. ಇವತ್ತು ಸದಾಶಿವನಗರದಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಮನೆಯ ಸರದಿ. ಸಿದ್ದರಾಮಯ್ಯನವರಿಗೆ ಇಡ್ಲಿ, ನಾಟಿ ಕೋಳಿ ಸಾರು. ಸರ್ಕಾರಕ್ಕೆ ಎರಡೂವರೆ ವರ್ಷ ತುಂಬಿದ್ದೇ ತಡ, ಮುಖ್ಯಮಂತ್ರಿ ಕುರ್ಚಿ ಯಾರಿಗೆಂಬ ಲೆಕ್ಕ ತಟ್ಟೆಗೆ ಬಂದು ಕೂತಿತ್ತು. ಪರದೆಯ ಬುಡದಲ್ಲಿ ಓಡುವ ಸಾಲಿನಲ್ಲಿ ಮಾತ್ರ ದಿತ್ವಾ ಚಂಡಮಾರುತ.

‘ಕುರ್ಚಿ ಬಿಡ್ತಾರಾ ಭಾಯ್?’ ಎಂದರು ಆಟೋದವರು. ‘ಅದು ದಿಲ್ಲಿಯಿಂದ ಬರ್ಬೇಕಲ್ಲಾ ಸಾರ್.’ ‘ಈ ಮಳೆ?’ ‘ಅದು ಮದರಾಸಿಂದ.’ ಸುಲೈಮಾನಿ ಸೋಸುತ್ತಿದ್ದವರು ತಲೆ ಎತ್ತದೆ ಹೇಳಿದ ಈ ಮಾತಿನ ಮುಂದೆ ಟಿ.ವಿ.ಯ ಚರ್ಚೆ ಸಪ್ಪೆಯೆನಿಸಿತು.

ಹಲಸೂರಿನಲ್ಲಿ ಮದರಾಸು ಅಷ್ಟು ದೂರದ ಊರಲ್ಲ. ಸೋಮೇಶ್ವರನ ಗುಡಿ ಬಳಿ ಸೇವಂತಿಗೆ ಮೊಳ ಹಾಕುತ್ತಿದ್ದ ಅಮ್ಮ ಫೋನನ್ನು ಭುಜಕ್ಕೂ ಕಿವಿಗೂ ಒತ್ತಿಕೊಂಡು ಚೆನ್ನೈಯಲ್ಲಿರುವ ಮಗಳ ಜೊತೆ ತಮಿಳಲ್ಲಿ ಮಾತಾಡುತ್ತಿದ್ದರು. ಶ್ರೀಲಂಕಾದಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡ ದಿತ್ವಾ, ಚೆನ್ನೈ ಕಡಲಂಚಿಗೆ ಬರುವಷ್ಟರಲ್ಲಿ ಸೊರಗಿತ್ತು. ಆದರೂ ಅಲ್ಲಿ ಬೀದಿಯಲ್ಲಿ ನೀರು. ಗಿರಾಕಿಗೆ ಕನ್ನಡದಲ್ಲಿ ಬೆಲೆ ಹೇಳಿ, ಮತ್ತೆ ಮಗಳ ಕಡೆ ಹೊರಳಿ, ‘ಮೇಲಿನ ಮನೆಗೆ ಹೋಗು’ ಎಂಬ ಗದರಿಕೆ.

ಇಂದಿರಾನಗರದಲ್ಲಿ ಅದೇ ಚಂಡಮಾರುತ ಸ್ವೆಟರ್ ತೊಟ್ಟು ಕಾಫಿ ಕುಡಿಯುತ್ತಿತ್ತು. ಕಡಲಿಂದ ಮುನ್ನೂರು ಕಿ.ಮೀ. ಆಚೆ, ಒಂಬೈನೂರು ಮೀಟರ್ ಎತ್ತರದಲ್ಲಿರುವ ನಮಗೆ ಸಿಗುವುದು ಅದರ ಬಾಲ ಮಾತ್ರ: ಮೋಡ, ಜಿಟಿಜಿಟಿ, ಮೂಳೆಗಿಳಿಯುವ ಥಂಡಿ. ನೂರಡಿ ರಸ್ತೆಯಲ್ಲಿ ಇದಕ್ಕೆ ‘ಒಳ್ಳೆ ವೆದರ್’ ಎಂದು ಹೆಸರು.

ನೇರಳೆ ಮೆಟ್ರೊ ಹಿಡಿದು, ಬೈಯಪ್ಪನಹಳ್ಳಿ ದಾಟಿ ಕೆ.ಆರ್. ಪುರದಲ್ಲಿಳಿದು, ತೂಗುಸೇತುವೆಯ ಗದ್ದಲ ಬಿಟ್ಟು ಹೊರಮಾವಿನ ಸಾಯಿ ಲೇಔಟ್ ಕಡೆ ಹೊರಟರೆ ಮೋಡ ನೋಡುವ ಕಣ್ಣೇ ಬೇರೆ. ಮೇ ತಿಂಗಳಲ್ಲಿ ಇಲ್ಲಿ ಮನೆಯೊಳಗೆ ನೀರು ನುಗ್ಗಿದಾಗ ಯಾವ ಚಂಡಮಾರುತವೂ ಇರಲಿಲ್ಲ. ಶಾಸಕ ಬೈರತಿ ಬಸವರಾಜ್ ಜೆಸಿಬಿ ಏರಿ ಬಂದರು. ಹೊಸಪೇಟೆಯಲ್ಲಿ ಸರ್ಕಾರದ ಎರಡನೇ ವರ್ಷದ ಸಮಾವೇಶ ಮುಗಿಸಿದ ಮರುದಿನ ಮುಖ್ಯಮಂತ್ರಿ, ಉಪಮುಖ್ಯಮಂತ್ರಿ ಇಬ್ಬರೂ ಬಂದರು. ಎಲ್ಲರ ಬೆರಳೂ ರೈಲು ಹಳಿಯ ಕೆಳಗಿನ ಇಕ್ಕಟ್ಟು ಮೋರಿಯತ್ತ. ಚಂಡಮಾರುತದ ಜಾಡನ್ನು ಹವಾಮಾನ ಇಲಾಖೆ ಈಗ ದಿನಗಟ್ಟಲೆ ಮೊದಲೇ ಹೇಳುತ್ತದೆ. ಮೋರಿಯ ಅಗಲ ಅಳೆಯಲು ಉಪಗ್ರಹವೇನೂ ಬೇಡ.

ಈ ಮೋರಿಯ ವಿಚಾರವನ್ನು ದಿನಾ ಬೆನ್ನುಹತ್ತಿ ಕೇಳಬೇಕಾದ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿಯಿತು. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ಪಾಲಿಕೆಗಳೂ ಬಂದವು. ಕೆ.ಆರ್. ಪುರ ಪೂರ್ವ ಪಾಲಿಕೆಗೆ ಸೇರಿತು. ಬೋರ್ಡು ಹೊಸದು; ಗೆದ್ದು ಬಂದು ಕೂರುವವರು ಆಗಿನ್ನೂ ಇರಲಿಲ್ಲ.

ಸಾಯಿ ಲೇಔಟ್‌ನ ಮನೆಯೊಂದರ ಗೇಟಿನ ಬಳಿ ಹೊಸದಾಗಿ ಕಟ್ಟಿದ ಎತ್ತರದ ಹೊಸ್ತಿಲು ದಾಟಿ ಬಂದ ಗೃಹಿಣಿಯನ್ನು, ‘ಸಿ.ಎಂ. ಬದಲಾಗ್ತಾರಂತಾ ಅಕ್ಕಾ?’ ಎಂದು ಕೇಳಿದೆ.

‘ಯಾರಾದ್ರೂ ಇರ್ಲಿ ಬಿಡಿ ಸಾರ್. ಬಂದೋರೆಲ್ಲ ಆ ಮೋರಿ ನೋಡ್ಕೊಂಡು ಹೋಗಿದಾರೆ. ನಾವು ಫ್ರಿಜ್‌ನ ಇನ್ನೂ ಸಿಮೆಂಟ್ ಇಟ್ಟಿಗೆ ಮೇಲೇ ಇಟ್ಟಿದೀವಿ.’