ಮೋಟರ್ ನಿಲ್ಲಿಸುವ ಬುದ್ಧಿ ಬಾವಿಯ ದಂಡೆಯಲ್ಲೇ ಇರಲಿ



ಕಳೆದ ಬೇಸಿಗೆಯಲ್ಲಿ ಜಮಖಂಡಿ ತಾಲೂಕಿನ ಕಬ್ಬು ಬೆಳೆಗಾರರೊಬ್ಬರ ಮೋಟರ್ ಸುಟ್ಟಿತು. ಮೊಬೈಲಿನಿಂದ ನಡೆಯುವ ಸ್ಟಾರ್ಟರ್ ಪೆಟ್ಟಿಗೆ ಕೂಡಿಸಿ ತಿಂಗಳೂ ಆಗಿರಲಿಲ್ಲ. ರಾತ್ರಿ ಒಂದು ಫೇಸ್ ಹೋಯಿತು. ಪೆಟ್ಟಿಗೆಯು ಆ ಸುದ್ದಿಯನ್ನು ದೂರದ ಕಂಪ್ಯೂಟರಿಗೆ ಕಳಿಸಿ, ಅಲ್ಲಿಂದ ಅಪ್ಪಣೆ ಬರಲೆಂದು ಕಾಯುವ ಜಾತಿಯದು. ಹೊಲದಲ್ಲಿ ನೆಟ್‌ವರ್ಕ್ ಇರಲಿಲ್ಲ, ಅಪ್ಪಣೆ ಬರಲಿಲ್ಲ. ವೈಂಡಿಂಗ್ ಮಾಡಿಸಿ ಮೋಟರನ್ನು ಮತ್ತೆ ಇಳಿಸುವಷ್ಟರಲ್ಲಿ ಕೂಳೆ ಕಬ್ಬು ಬಾಡಿತ್ತು.

ಇಂಥ ಲೆಕ್ಕವನ್ನು ದೂರದೂರಿಗೆ ಒಪ್ಪಿಸದೆ, ಕೆಲಸ ನಡೆಯುವ ಜಾಗದಲ್ಲೇ ಮಾಡಿ ಮುಗಿಸುವ ಪದ್ಧತಿಗೆ ‘ಎಜ್ ಕಂಪ್ಯೂಟಿಂಗ್’ ಎನ್ನುತ್ತಾರೆ. ಹೆಸರು ಹೊಸದು, ವಿಚಾರ ಹಳೆಯದು. ರಬಕವಿ-ಬನಹಟ್ಟಿಯ ನೇಕಾರರನ್ನು ಕೇಳಿರಿ. ಹೊಕ್ಕಿನ ನೂಲು ಹರಿದರೆ ವಿದ್ಯುತ್ ಮಗ್ಗ ತಾನೇ ನಿಲ್ಲುತ್ತದೆ, ಮಾಲಿಕರ ಮಾತಿಗೆ ಕಾಯುವುದಿಲ್ಲ. ಅದು ಕಬ್ಬಿಣದ ಕಡ್ಡಿಯ ಕೆಲಸ, ಕಂಪ್ಯೂಟರಿನದಲ್ಲ. ಆದರೂ ತತ್ವ ಇದೇ. ಹಾಲಿನ ಸಂಘದ ಯಂತ್ರ ಜಿಡ್ಡಿನ ಅಂಶವನ್ನು ನಿಮ್ಮ ಕಣ್ಣೆದುರಿಗೇ ಅಳೆದು ಹೇಳುತ್ತದೆ. ಸಕ್ಕರೆ ಕಾರ್ಖಾನೆಯ ಬಾಯ್ಲರಿನಲ್ಲಿ ನೀರಿನ ಮಟ್ಟ ಇಳಿದರೆ ಕಾರ್ಖಾನೆಯೊಳಗಿನ ಯಂತ್ರವೇ ಸರಿಪಡಿಸಬೇಕು. ಅಮೆರಿಕದಲ್ಲಿಯೂ ಹೊಲಗಳಿಗೆ ಇಂಟರ್ನೆಟ್ ಸರಿಯಾಗಿ ಸಿಗದು. ಆದ್ದರಿಂದ ಮೈಕ್ರೋಸಾಫ್ಟ್ ಕಂಪನಿಯ ಸಂಶೋಧಕರು 2017ರಲ್ಲಿ ಪ್ರಕಟಿಸಿದ ‘ಫಾರ್ಮ್‌ಬೀಟ್ಸ್’ ಪದ್ಧತಿಯಲ್ಲಿ ಡ್ರೋನ್ ಚಿತ್ರಗಳನ್ನು ತೋಟದ ಮನೆಯ ಕಂಪ್ಯೂಟರಿನಲ್ಲೇ ಸಂಸ್ಕರಿಸಿದರು.

ಹಾಗೆಂದು ದೂರದ ಕಂಪ್ಯೂಟರ್ ಬೇಡವೆಂದಲ್ಲ. ಗ್ರಾಮ ಪಂಚಾಯಿತಿಗಳಲ್ಲಿರುವ ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಬೆಂಗಳೂರಿಗೇ ಲೆಕ್ಕ ಕಳಿಸುತ್ತವೆ. ಹತ್ತೂರ ಮಳೆ ಹೋಲಿಸಲು ಅದೇ ಸರಿ. ಆದರೆ ಒಂದು ಫೇಸ್ ಹೋದಾಗ ಉಳಿದ ಫೇಸ್‌ಗಳ ಮೇಲೆ ಆಂಪಿಯರ್ ಏರಿ ವೈಂಡಿಂಗ್ ಸುಡಲು ಹೆಚ್ಚು ಹೊತ್ತು ಬೇಡ. ಬೀಳಗಿ ಕಡೆ ಬೇಸಿಗೆಯಲ್ಲಿ ಆಲಮಟ್ಟಿ ಹಿನ್ನೀರು ಸರಿದು ಫುಟ್‌ವಾಲ್ವ್ ಬಯಲಾದಾಗಲೂ ಅಷ್ಟೇ: ನೀರಿಲ್ಲದೆ ಪಂಪು ತಿರುಗುತ್ತದೆ, ಆಂಪಿಯರ್ ಇಳಿಯುತ್ತದೆ. ಅದನ್ನು ಗುರುತಿಸಿ ನಿಲ್ಲಿಸುವುದು ಪೆಟ್ಟಿಗೆಗೇ ಗೊತ್ತಿರಬೇಕು.

ಆದುದರಿಂದ ಹಣ ಕೊಡುವ ಮೊದಲು ಪರೀಕ್ಷೆ ಮಾಡಿಸಿರಿ. ಪೆಟ್ಟಿಗೆಯ ಸಿಮ್ ತೆಗೆಸಿ, ಮಾರುವವರ ಮೆಕ್ಯಾನಿಕ್‌ನಿಂದಲೇ ಒಂದು ಫೇಸ್ ತಪ್ಪಿಸಿ ತೋರಿಸಲು ಹೇಳಿರಿ, ನೀವಾಗಿ ಮಾಡಬೇಡಿರಿ. ಮೋಟರ್ ತಕ್ಷಣ ನಿಲ್ಲದಿದ್ದರೆ ಪೆಟ್ಟಿಗೆಯನ್ನು ಮರಳಿ ಕಳಿಸಿರಿ. ‘ಡ್ರೈ ರನ್’ ಆಂಪಿಯರನ್ನು ಪೈಪಿನ ತುಂಬ ನೀರು ಬರುವಾಗ ಅಳೆದು ಕೂಡಿಸಬೇಕು. ಅಂದಾಜಿನಲ್ಲಿ ಕೂಡಿಸಿ ಹೋಗುವವರೇ ಹೆಚ್ಚು.

ಇನ್ನು ‘ಆಟೋ’ ಗುಂಡಿಯ ವಿಷಯ. ಕರೆಂಟ್ ಬಂದಾಗಲೆಲ್ಲ ಮೋಟರ್ ಹೊರಡಿಸುವುದಷ್ಟೇ ಅದಕ್ಕೆ ಗೊತ್ತು. ಬೆಳೆಗೆ ನೀರು ಬೇಕೋ ಬೇಡವೋ ತಿಳಿಯದು. ಮುಧೋಳ, ಜಮಖಂಡಿಯ ಎರೆ ಹೊಲಗಳಲ್ಲಿ ರಾತ್ರಿಯಿಡೀ ನೀರು ಹರಿಸಿದರೆ ಭೂಮಿ ಸವಳಾಗುವುದನ್ನು ನೀವೇ ಕಂಡಿದ್ದೀರಿ. ಟೈಮರ್ ಇಟ್ಟೇ ಆಟೋ ಹಾಕಿರಿ. ಮೊಬೈಲಿನಲ್ಲಿ ‘ಬಂದ್’ ಎಂದು ತೋರಿಸಿದ್ದನ್ನು ನಂಬಿ ವಾಯರಿಗೆ ಕೈ ಹಚ್ಚಬೇಡಿರಿ. ಮೇನ್ ಸ್ವಿಚ್ ಇಳಿಸಿ, ಫ್ಯೂಜ್‌ಗಳನ್ನು ತೆಗೆದು ಕಿಸೆಯಲ್ಲಿಟ್ಟುಕೊಂಡೇ ಮೋಟರಿನ ಬಳಿ ಹೋಗಿರಿ.