ಹೊಸ ವಿದ್ಯೆಯೂ ಹಳೆಯ ಅಂಜಿಕೆಯೂ

ಮಗುವು ನೂರಾರು ಸಲ ಬಿದ್ದೆದ್ದು ನಡೆಯಲು ಕಲಿಯುತ್ತದೆ. ಬಿದ್ದುದಕ್ಕಾಗಿ ಅದು ನಾಚುವುದಿಲ್ಲ. ಅದೇ ಮಗು ಬೆಳೆದು ನಲವತ್ತೈದರ ಪ್ರಾಯದಲ್ಲಿ ಕಚೇರಿಯ ಹೊಸ ಯಂತ್ರದ ಮುಂದೆ ಕುಳಿತಾಗ, ಒಂದು ಗುಂಡಿಯನ್ನು ತಪ್ಪಾಗಿ ಒತ್ತಿದ ಮಾತ್ರಕ್ಕೆ ಕುಗ್ಗಿಹೋಗುತ್ತದೆ. ‘ಈ ವಯಸ್ಸಿನಲ್ಲಿ ನನ್ನಿಂದ ಇದು ಆದೀತೇ?’ ಎಂಬ ಪ್ರಶ್ನೆ ಅಲ್ಲಿಂದ ಆರಂಭವಾಗುತ್ತದೆ. ಈ ಆತ್ಮಸಂದೇಹವು ರೋಗವಲ್ಲ. ಆದರೆ ಅದನ್ನು ಬೆಳೆಯಗೊಟ್ಟರೆ ಹಸಿವು, ನಿದ್ರೆ, ಉದ್ಯೋಗ ಮೂರನ್ನೂ ಕೆಡಿಸಬಲ್ಲದು.

ಹೊರನಾಡ ಕನ್ನಡಿಗರಿಗೆ ಈ ಪ್ರಶ್ನೆ ಹೊಸದೇನೂ ಅಲ್ಲ. ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಗುಮಾಸ್ತರಾದವರು ನಮ್ಮಲ್ಲಿ ಅನೇಕರಿದ್ದಾರೆ. ಬ್ಯಾಂಕು ಸೇರಿದವರು ಮತ್ತೆ ವಿದ್ಯಾರ್ಥಿಗಳಾಗಬೇಕಾಯಿತು. ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿಯು 1984ರಲ್ಲಿ ಬ್ಯಾಂಕುಗಳ ಯಾಂತ್ರೀಕರಣದ ಬಗೆಗೆ ವರದಿ ನೀಡಿದ ಬಳಿಕ, ಲೆಡ್ಜರು ಬರೆದು ಪಳಗಿದ ಕೈಗಳು ಕ್ರಮೇಣ ಕಂಪ್ಯೂಟರಿಗೆ ಒಗ್ಗಬೇಕಾಯಿತು. ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿಯೂ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿಯೂ ವಿಲೀನವಾದಾಗ, ಆ ಸಿಬ್ಬಂದಿಗೆ ಮತ್ತೊಂದು ಹೊಸ ಪಾಠ ಕಾದಿತ್ತು.

ಅಂಜಿಕೆಯ ಮೂಲ

ಹಳೆಯ ಕೆಲಸದಲ್ಲಿ ನಿಪುಣನೆನಿಸಿದವನಿಗೇ ಈ ಅಂಜಿಕೆ ಹೆಚ್ಚು. ನಿನ್ನೆಯವರೆಗೆ ಹತ್ತು ಜನರು ಅವನನ್ನು ಕೇಳಿ ಕೆಲಸ ಮಾಡುತ್ತಿದ್ದರು. ಇಂದು ಮಗನ ಪ್ರಾಯದ ತರುಣನ ಮುಂದೆ ಅವನು ಅ ಆ ಇ ಈ ಬರೆಯಬೇಕು. ಎರಡನೆಯ ಕಾರಣವೆಂದರೆ ನಾವು ಮಾಡುವ ಹೋಲಿಕೆ. ನಮ್ಮ ತಳಮಳ ನಮಗೆ ಗೊತ್ತು. ಪಕ್ಕದವನ ತಳಮಳ ಕಾಣುವುದಿಲ್ಲ, ಅವನ ಚುರುಕು ಮಾತ್ರ ಕಾಣುತ್ತದೆ.

ಸಮರ್ಥರೂ ಇದಕ್ಕೆ ಹೊರತಲ್ಲ. 1978ರಲ್ಲಿ ಅಮೆರಿಕದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 150ಕ್ಕೂ ಹೆಚ್ಚು ಯಶಸ್ವಿ ಮಹಿಳೆಯರ ಅನುಭವಗಳನ್ನು ಆಧರಿಸಿ ಪ್ರಬಂಧವೊಂದನ್ನು ಪ್ರಕಟಿಸಿದರು. ಪದವಿ, ಪುರಸ್ಕಾರಗಳಿದ್ದರೂ ಈ ಮಹಿಳೆಯರು ತಮ್ಮ ಗೆಲುವನ್ನು ಅದೃಷ್ಟದ ಲೆಕ್ಕಕ್ಕೆ ಬರೆದು, ಎಂದಾದರೊಂದು ದಿನ ತಮ್ಮ ಬಂಡವಾಳ ಬಯಲಾದೀತೆಂದು ಅಂಜುತ್ತಿದ್ದರು. ಸಂದೇಹವು ಅಸಾಮರ್ಥ್ಯಕ್ಕೆ ಸಾಕ್ಷಿಯಲ್ಲವೆಂಬುದು ಇದರಿಂದ ಸ್ಪಷ್ಟ.

ತಂತಿ ಗುಮಾಸ್ತರ ಪಾಠ

ಕಲಿಕೆಯು ಸಮಗತಿಯಲ್ಲಿ ಸಾಗುವುದಿಲ್ಲ ಎಂಬುದನ್ನು ಅರಿತರೆ ಅರ್ಧ ಅಂಜಿಕೆ ಕಳೆಯುತ್ತದೆ. 1897ರಲ್ಲಿ ಅಮೆರಿಕದ ಬ್ರಯಾನ್ ಮತ್ತು ಹಾರ್ಟರ್ ಎಂಬ ವಿದ್ವಾಂಸರು ತಂತಿ ಸಂದೇಶದ ಕೆಲಸ ಕಲಿಯುವವರನ್ನು ಪರೀಕ್ಷಿಸಿದರು. ಸಂದೇಶ ಕಳುಹಿಸುವ ವೇಗ ಬೇಗನೆ ಏರಿತು. ಬಂದ ಸಂದೇಶವನ್ನು ಕಿವಿಯಿಂದ ಗ್ರಹಿಸುವ ವೇಗವಾದರೋ ಸ್ವಲ್ಪ ಏರಿ, ವಾರಗಟ್ಟಲೆ ಅಲ್ಲಿಯೇ ನಿಂತಿತು. ಅನಂತರ ಮತ್ತೆ ಏರತೊಡಗಿತು. ಈ ನಿಲುಗಡೆಗೆ ‘ಕಲಿಕೆಯ ಪ್ರಸ್ಥಭೂಮಿ’ ಎಂದು ಹೆಸರಾಯಿತು. ಬಿಡಿ ಅಕ್ಷರಗಳನ್ನು ಕೇಳುತ್ತಿದ್ದ ಕಿವಿ ಇಡೀ ಪದಗಳನ್ನು, ಬಳಿಕ ಪದಪುಂಜಗಳನ್ನು ಒಮ್ಮೆಲೇ ಹಿಡಿಯಲು ಆ ಅವಧಿಯಲ್ಲಿ ಸಿದ್ಧವಾಗುತ್ತಿತ್ತೆಂದು ಅವರು ವಿವರಿಸಿದರು. ಎಲ್ಲ ವಿದ್ಯೆಗಳಲ್ಲಿಯೂ ಎಲ್ಲರಿಗೂ ಈ ಘಟ್ಟ ಬರುತ್ತದೆಂದಲ್ಲ. ಆದರೆ ಬಂದಾಗ, ಪ್ರಗತಿ ಕಾಣದಿದ್ದರೂ ಅಭ್ಯಾಸವು ವ್ಯರ್ಥವಾಗುತ್ತಿಲ್ಲವೆಂದು ತಿಳಿಯಬೇಕು. ನಮ್ಮ ದೇಶದ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಅದರ ಈ ಪಾಠ ಮಾತ್ರ ಹಳೆಯದಾಗಿಲ್ಲ.

ಧೈರ್ಯದ ನಾಲ್ಕು ಮೂಲಗಳು

‘ಮೊದಲು ಧೈರ್ಯ ಬರಲಿ, ಆಮೇಲೆ ಕಲಿಯೋಣ’ ಎನ್ನುವವರೇ ಹೆಚ್ಚು. ವಾಸ್ತವವು ಇದಕ್ಕೆ ವಿರುದ್ಧ. ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಆಲ್ಬರ್ಟ್ ಬಂಡೂರಾ ಅವರು 1977ರಲ್ಲಿ, ತನ್ನ ಸಾಮರ್ಥ್ಯದಲ್ಲಿ ಮನುಷ್ಯನಿಗೆ ನಂಬಿಕೆ ಹುಟ್ಟುವ ನಾಲ್ಕು ಮೂಲಗಳನ್ನು ಗುರುತಿಸಿದರು.

1. ಸ್ವಂತ ಸಾಧನೆ: ನಾಲ್ಕರಲ್ಲಿ ಇದೇ ಪ್ರಬಲವಾದುದು. ಆದುದರಿಂದ ದೊಡ್ಡ ಕೆಲಸವನ್ನು ತುಂಡುಮಾಡಿ ಕಲಿಯಿರಿ. ಇಂದು ಪತ್ರವೊಂದನ್ನು ಬೆರಳಚ್ಚಿಸಿ ಉಳಿಸುವುದು, ನಾಳೆ ಅದನ್ನು ತೆರೆದು ತಿದ್ದುವುದು, ಹೀಗೆ. ಕಲಿತುದನ್ನು ತಾರೀಖು ಹಾಕಿ ಪುಸ್ತಕದಲ್ಲಿ ಬರೆದಿಡಿ. ತಿಂಗಳ ಕೊನೆಗೆ ಆ ಪುಟಗಳೇ ನಿಮ್ಮ ಪರ ಸಾಕ್ಷಿ ನುಡಿಯುತ್ತವೆ.

2. ಪರರ ನಿದರ್ಶನ: ನಿಮ್ಮಂತೆಯೇ ತಡವರಿಸಿ ಗೆದ್ದವರನ್ನು ನೋಡಿರಿ. ಹುಟ್ಟಾ ಪಂಡಿತನಿಗಿಂತ ನಿಮ್ಮದೇ ಪ್ರಾಯದ ಸಹೋದ್ಯೋಗಿಯ ನಿದರ್ಶನ ಹೆಚ್ಚು ಪರಿಣಾಮಕಾರಿ.

3. ಹಿತವಚನ: ‘ಎಲ್ಲಾ ಸರಿಹೋಗುತ್ತದೆ’ ಎಂಬ ಬರಿಯ ಸಮಾಧಾನ ಸಾಲದು. ‘ಮೊನ್ನೆಗಿಂತ ಇಂದು ತಪ್ಪು ಕಡಿಮೆ’ ಎಂದು ನಿಶ್ಚಿತವಾಗಿ ಹೇಳಬಲ್ಲವರು ಬೇಕು. ಮನೆಯವರು ಗೇಲಿಮಾಡದಿದ್ದರೆ ಅದೂ ಒಂದು ಉಪಕಾರವೇ.

4. ದೇಹಸ್ಥಿತಿ: ಎದೆ ಡವಗುಟ್ಟುವುದು, ಬಾಯಿ ಒಣಗುವುದು, ಅಂಗೈ ಬೆವರುವುದು ಹೊಸ ಸವಾಲಿಗೆ ದೇಹವು ಸಜ್ಜಾಗುವ ಲಕ್ಷಣಗಳು. ಇವನ್ನು ಸೋಲಿನ ಮುನ್ಸೂಚನೆಯೆಂದು ಓದಬಾರದು. ನಾಲ್ಕಾರು ಸಲ ನಿಧಾನವಾಗಿ ಉಸಿರುಬಿಟ್ಟರೆ ಉದ್ವೇಗ ತಗ್ಗುತ್ತದೆ.

ಆರೋಗ್ಯದ ಕಡೆ ಗಮನ

ನಿದ್ರೆಗೆಟ್ಟು ಕಲಿಯುವುದು ಜಾಣತನವಲ್ಲ. ಹಗಲು ಕಲಿತುದು ನೆನಪಿನಲ್ಲಿ ನೆಲೆಯೂರಲು ರಾತ್ರಿಯ ನಿದ್ರೆ ನೆರವಾಗುತ್ತದೆ. ಒಂದೇ ದಿನ ಮೂರು ಗಂಟೆ ಹೆಣಗುವುದಕ್ಕಿಂತ, ಆರು ದಿನ ಅರ್ಧರ್ಧ ಗಂಟೆ ಅಭ್ಯಾಸಮಾಡುವುದು ಲೇಸು. ಆದರೆ ಎರಡು ವಾರ ಕಳೆದರೂ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ನಿದ್ರಾಹೀನತೆ, ಬದುಕೇ ಬೇಡವೆಂಬ ಭಾವನೆ ಇವುಗಳಿದ್ದರೆ ಅದು ಬರಿಯ ಅಂಜಿಕೆಯಲ್ಲ. ಸಂಕೋಚಪಡದೆ ವೈದ್ಯರನ್ನು ಕಾಣಬೇಕು. ಬದುಕು ಬೇಡವೆನಿಸಿದರಂತೂ ಎರಡು ವಾರ ಕಾಯದೆ ಕೂಡಲೇ ನೆರವು ಪಡೆಯಬೇಕು. 2022ರಲ್ಲಿ ಆರಂಭವಾದ ಸರಕಾರದ ‘ಟೆಲಿ ಮಾನಸ್’ ಸೇವೆಯ ದೂರವಾಣಿ ಸಂಖ್ಯೆ 14416. ಅಲ್ಲಿ ಉಚಿತ ಸಲಹೆ ದೊರೆಯುತ್ತದೆ.

‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ’ ಎಂಬ ನಮ್ಮ ಹಿರಿಯರ ಗಾದೆಯು ಬಂಡೂರಾ ಅವರ ನಾಲ್ಕು ಮೂಲಗಳ ಸಾರವನ್ನೇ ಹೇಳುತ್ತದೆ. ಹಾಡಲು ತೊಡಗುವ ಮೊದಲೇ ರಾಗ ಒಲಿಯಬೇಕೆಂದು ಕಾಯುವವನಿಗೆ ನರಳಾಟವಷ್ಟೇ ಉಳಿಯುತ್ತದೆ. ಸಂದೇಹ ಬಂದರೆ ಬರಲಿ. ಅದನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡೇ ಇಂದಿನ ಅರ್ಧ ಗಂಟೆಯ ಅಭ್ಯಾಸವನ್ನು ಮುಗಿಸೋಣ.