ಹೊರಗೋಡೆಯ ತೇವ ಮತ್ತು ವರ್ತಕರ ಲೆಕ್ಕಪುಸ್ತಕ

ಚಾಮರಾಜನಗರ ಜಿಲ್ಲೆಯಲ್ಲಿ ಮಲೆನಾಡಿನಂತೆ ತಿಂಗಳುಗಟ್ಟಲೆ ಮಳೆ ಹಿಡಿಯುವುದಿಲ್ಲ. ಆದ್ದರಿಂದ ಹೊರಗೋಡೆಯ ರಕ್ಷಣೆಗೆಂದು ಹಣ ತೆಗೆದಿರಿಸುವ ವರ್ತಕರು ಇಲ್ಲಿ ವಿರಳ. ಆದರೆ ಈ ಭಾಗದ ಮಳೆಯ ಸ್ವಭಾವವೇ ಬೇರೆ. ಮೇ ತಿಂಗಳಿನಲ್ಲಿಯೂ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿಯೂ ಅದು ಗುಡುಗು, ಗಾಳಿಗಳೊಡನೆ ಬಂದು ಸ್ವಲ್ಪ ಹೊತ್ತಿನಲ್ಲೇ ಓರೆಯಾಗಿ ಸುರಿದು ಹೋಗುತ್ತದೆ. ನೇರವಾಗಿ ಬೀಳುವ ಮಳೆಯನ್ನು ಛಾವಣಿ ತಡೆಯುತ್ತದೆ; ಓರೆಮಳೆಯನ್ನು ಗೋಡೆಯೇ ತಡೆಯಬೇಕಾಗುತ್ತದೆ.

ಚಾಮರಾಜನಗರ ಹಾಗೂ ಗುಂಡ್ಲುಪೇಟೆಯ ಹಳೆಯ ಅಂಗಡಿ ಸಾಲುಗಳಲ್ಲಿ ಮಣ್ಣಿನ ಗಾರೆಯಲ್ಲಿ ಇಟ್ಟಿಗೆ ಅಥವಾ ಕಲ್ಲು ಜೋಡಿಸಿ ಕಟ್ಟಿದ ಗೋಡೆಗಳನ್ನು ಕಾಣಬಹುದು. ಇಂತಹ ಗೋಡೆ ಹೀರಿದ ತೇವವನ್ನು ಸುಣ್ಣದ ಗಾರೆಯ ಮೂಲಕ ಬಿಸಿಲಿಗೆ ಬಿಟ್ಟುಕೊಡುತ್ತದೆ. ಅಂದಕ್ಕಾಗಿ ಅದರ ಮೇಲೆ ಸಿಮೆಂಟಿನ ಪ್ಲಾಸ್ಟರ್ ಮಾಡಿಸಿ ಗಟ್ಟಿ ಬಣ್ಣ ಹೊಡೆಸಿದಾಗ ತೊಂದರೆ ಆರಂಭವಾಗುತ್ತದೆ. ಕೂದಲೆಳೆಯ ಬಿರುಕಿನಿಂದ ಒಳಹೊಕ್ಕ ನೀರು ಹೊರಬರಲಾರದೆ ಒಳಗೋಡೆಯತ್ತ ಸಾಗುತ್ತದೆ. ಗೋಡೆಗೆ ಉಪ್ಪು ಬಂದು ಬಣ್ಣ ಹೊಪ್ಪಳಿಕೆಯಾಗಿ ಏಳುತ್ತದೆ. ಆಗ ಮತ್ತೊಮ್ಮೆ ಬಣ್ಣ ಹೊಡೆಸುವುದು ರೋಗಕ್ಕೆ ಔಷಧಿ ಬಿಟ್ಟು ರೋಗಿಗೆ ಹೊಸ ಅಂಗಿ ತೊಡಿಸಿದಂತೆ.

ಹೊಸ ಆರ್.ಸಿ.ಸಿ. ಕಟ್ಟಡಗಳಲ್ಲಿ ಪರೀಕ್ಷಿಸಬೇಕಾದ ಸ್ಥಳಗಳು ಬೇರೆ. ಪ್ಯಾರಾಪೆಟ್ ಗೋಡೆಯ ತಲೆ, ಕಾಂಕ್ರೀಟ್ ತೊಲೆ ಹಾಗೂ ಇಟ್ಟಿಗೆ ಕೂಡುವ ಗೆರೆ, ಕಿಟಕಿಯ ಸಜ್ಜಾದ ತಳಭಾಗ ಮತ್ತು ಮಳೆನೀರಿನ ಪೈಪು ಗೋಡೆಗೆ ತಗಲುವ ಜಾಗ, ಈ ನಾಲ್ಕರಲ್ಲಿ ಒಂದರಿಂದಲೇ ಸಾಮಾನ್ಯವಾಗಿ ನೀರು ಒಳಬರುತ್ತದೆ. ಸಜ್ಜಾದ ಅಂಚಿನ ಕೆಳಗೆ ಒಂದು ಸಣ್ಣ ಗಾಡಿ ತೆಗೆಸಿದ್ದರೆ ನೀರು ಅಲ್ಲಿಯೇ ಹನಿಯಾಗಿ ಕಳಚಿ ಬೀಳುತ್ತದೆ. ಇಲ್ಲದಿದ್ದರೆ ತಳದ ಗುಂಟ ಹರಿದು ಗೋಡೆಯನ್ನು ಸೇರುತ್ತದೆ. ಕಟ್ಟುವಾಗ ಇದಕ್ಕೆ ತಗಲುವ ವೆಚ್ಚ ಅತ್ಯಲ್ಪವಾದರೂ ಬಹುಪಾಲು ಮಳಿಗೆಗಳಲ್ಲಿ ಇದು ಕಾಣಸಿಗುವುದಿಲ್ಲ. ರಸ್ತೆಯ ಮಟ್ಟ ಏರಿ ಅಂಗಡಿಯ ತಳಭಾಗಕ್ಕೆ ನೀರು ಚಿಮ್ಮುವುದು ಇನ್ನೊಂದು ಸಮಸ್ಯೆ. ಗೋಡೆಯ ಬುಡದಿಂದ ಹೊರಗೆ ಇಳಿಜಾರಾದ ಕಲ್ಲುಹಾಸು ಹಾಕಿಸುವುದೇ ಅದಕ್ಕೆ ಪರಿಹಾರ.

ದುರಸ್ತಿಗೆ ತಕ್ಕ ಕಾಲ ಫೆಬ್ರವರಿಯಿಂದ ಏಪ್ರಿಲ್ ಮಧ್ಯದವರೆಗೆ. ಮೊದಲು ಬಿರುಕು ಬಿಡಿಸಿ ತುಂಬಿಸಬೇಕು, ಅನಂತರ ಪ್ಲಾಸ್ಟರಿಗೆ ಕನಿಷ್ಠ 7 ದಿನ ನೀರುಣಿಸಬೇಕು. ಸಂಪೂರ್ಣವಾಗಿ ಒಣಗಲು ಸುಮಾರು 4 ವಾರ ಬಿಟ್ಟ ಮೇಲೆಯೇ ಬಣ್ಣ ಹೊಡೆಸತಕ್ಕದ್ದು.

ವರ್ತಕರಿಗೆ ನಿಜವಾದ ನಷ್ಟವಾಗುವುದು ಗೋಡೆಯಿಂದಲ್ಲ, ಗೋಡೆಗೆ ಒರಗಿಸಿದ ದಾಸ್ತಾನಿನಿಂದ. ಶೇಕಡ 10ರ ಆಸುಪಾಸಿಗೆ ಒಣಗಿಸಿ ಚೀಲ ತುಂಬಿದ ಅರಿಶಿನವು ತೇವದ ಗೋಡೆಗೆ ತಾಗಿದರೆ ಬೂಷ್ಟು ಹಿಡಿಯುತ್ತದೆ. ಬೆಲೆ ಕುಸಿದ ಸರಕನ್ನು ಖರೀದಿ ದರ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಇಳಿಸಿ ಲೆಕ್ಕದಲ್ಲಿ ತೋರಿಸಬೇಕಾಗುತ್ತದೆ. ಸರಕನ್ನು ಪೂರ್ತಿಯಾಗಿ ಕೈಬಿಟ್ಟು ಲೆಕ್ಕದಿಂದ ತೆಗೆದರೆ, ಜಿ.ಎಸ್.ಟಿ. ಕಾಯ್ದೆಯ 17(5)(ಎಚ್) ಕಲಮಿನಂತೆ ಅದರ ಮೇಲೆ ಪಡೆದ ಹೂಡುವಳಿ ತೆರಿಗೆಯ ಜಮೆಯನ್ನೂ ಹಿಂದಿರುಗಿಸಬೇಕು. ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ ಇರಿಸುವ ಹಿರಿಯರ ಪದ್ಧತಿ ಇಂದಿಗೂ ಸರಿಯಾದುದೇ.

ವಿಮೆ ಇದೆಯೆಂಬ ಧೈರ್ಯ ಇಲ್ಲಿ ಪೂರ್ತಿಯಾಗಿ ನೆರವಿಗೆ ಬಾರದು. ಒಂದೇ ಸ್ಥಳದಲ್ಲಿ 5 ಕೋಟಿ ರೂಪಾಯಿಯವರೆಗಿನ ಆಸ್ತಿಯುಳ್ಳ ಉದ್ದಿಮೆಗಳಿಗಾಗಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿಯಲ್ಲಿ ಬಿರುಗಾಳಿ, ಪ್ರವಾಹಗಳಿಂದಾದ ಹಾನಿ ಸೇರಿದೆ. ಆದರೆ ವರ್ಷಗಟ್ಟಲೆ ಜಿನುಗಿದ ತೇವ ಸವೆತವೆನಿಸುತ್ತದೆಯೇ ಹೊರತು ಆಕಸ್ಮಿಕವೆನಿಸುವುದಿಲ್ಲ. ಮಳೆಗಾಲಕ್ಕೆ ಮುನ್ನ ತೆಗೆದ, ದಿನಾಂಕವುಳ್ಳ ಗೋಡೆಯ ಛಾಯಾಚಿತ್ರಗಳೂ ದುರಸ್ತಿಯ ಬಿಲ್ಲುಗಳೂ ಇದ್ದರೆ ಸರ್ವೇಯರ್ ಎದುರು ವಾದಿಸಲು ಆಧಾರವಿರುತ್ತದೆ.

ಇನ್ನು ತೆರಿಗೆಯ ವಿಚಾರ. ಇದ್ದ ಗೋಡೆಯನ್ನು ಇದ್ದಂತೆ ಉಳಿಸಿಕೊಳ್ಳಲು ಮಾಡಿದ ವೆಚ್ಚ ಚಾಲ್ತಿ ದುರಸ್ತಿ. ಅದನ್ನು ಆ ವರ್ಷದ ಲಾಭದಿಂದಲೇ ಕಳೆಯಬಹುದು. 1961ರ ಆದಾಯ ತೆರಿಗೆ ಕಾಯ್ದೆಯ 30ನೇ ಕಲಮಿನಲ್ಲಿದ್ದ ಈ ತತ್ವವನ್ನು 2025ರ ಕಾಯ್ದೆಯೂ ಉಳಿಸಿಕೊಂಡಿದೆ. ವರ್ಷಾನುಗಟ್ಟಲೆ ಅಲಕ್ಷಿಸಿ ಕೊನೆಗೆ ಕಟ್ಟಡವನ್ನೇ ನವೀಕರಿಸಿದರೆ ಅದು ಬಂಡವಾಳ ವೆಚ್ಚವಾಗಿ, ಸವಕಳಿಯ ರೂಪದಲ್ಲಿ ಮಾತ್ರ ನಿಧಾನವಾಗಿ ದಕ್ಕುತ್ತದೆ. ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ (1997) ಒಂದು ಚಿತ್ರಮಂದಿರದ ಸಂಪೂರ್ಣ ನವೀಕರಣವನ್ನು ಚಾಲ್ತಿ ದುರಸ್ತಿಯೆಂದು ಒಪ್ಪಲು ಸರ್ವೋಚ್ಚ ನ್ಯಾಯಾಲಯ ನಿರಾಕರಿಸಿತು.

ಜಿ.ಎಸ್.ಟಿ.ಯಲ್ಲಿಯೂ ಇದೇ ಭೇದವಿದೆ. ಗುತ್ತಿಗೆದಾರರೊಬ್ಬರು 40,000 ರೂಪಾಯಿಯ ಕೆಲಸಕ್ಕೆ ಶೇಕಡ 18ರಂತೆ 7,200 ರೂಪಾಯಿ ತೆರಿಗೆ ವಿಧಿಸಿದರೆಂದಿಟ್ಟುಕೊಳ್ಳೋಣ. ಈ ಮೊತ್ತವನ್ನು ದುರಸ್ತಿ ಖಾತೆಗೆ ಬರೆದರೆ 7,200 ರೂಪಾಯಿಯ ಜಮೆ ದೊರೆಯುತ್ತದೆ. ಕಟ್ಟಡದ ಖಾತೆಗೆ ಸೇರಿಸಿದರೆ ದೊರೆಯುವುದಿಲ್ಲ. ಹಾಗೆಂದು ನವೀಕರಣವನ್ನು ದುರಸ್ತಿಯೆಂದು ಬರೆಯುವಂತಿಲ್ಲ. ಖಾತೆಯ ಹೆಸರನ್ನಲ್ಲ, ಕೆಲಸದ ಸ್ವರೂಪವನ್ನು ನೋಡಲಾಗುತ್ತದೆ. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಈ ಜಮೆ ಇಲ್ಲ. ಅಂದಾಜು ಲಾಭದ ಮೇಲೆ ಆದಾಯ ತೆರಿಗೆ ಕಟ್ಟುವವರಿಗೆ ದುರಸ್ತಿ ವೆಚ್ಚದ ಪ್ರತ್ಯೇಕ ಕಡಿತವೂ ಇಲ್ಲ.

ಮುಂಭಾಗದಲ್ಲಿ ಅಂಗಡಿ, ಹಿಂಭಾಗದಲ್ಲಿ ಮನೆ ಇರುವ ಕಟ್ಟಡಗಳು ಎರಡೂ ಊರುಗಳಲ್ಲಿ ಸಾಮಾನ್ಯ. ಅಲ್ಲಿ ವ್ಯಾಪಾರಕ್ಕೆ ಬಳಸುವ ಭಾಗದ ವೆಚ್ಚವನ್ನು ಮಾತ್ರ ಕಳೆಯಲು ಅವಕಾಶವಿದೆ. ಗಾರೆ ಮೇಸ್ತ್ರಿಗೆ ಒಂದೇ ದಿನ 10,000 ರೂಪಾಯಿಗೆ ಮೀರಿ ನಗದು ಪಾವತಿಸಿದರೆ ಆ ವೆಚ್ಚವೇ ತಿರಸ್ಕೃತವಾಗುತ್ತದೆ. ಆದ್ದರಿಂದ ಕೂಲಿಯನ್ನೂ ಬ್ಯಾಂಕಿನ ಮೂಲಕವೇ ಪಾವತಿಸಿ, ಯಾವ ಗೋಡೆಯ ಯಾವ ಕೆಲಸಕ್ಕೆಂದು ರಸೀದಿಯಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳತಕ್ಕದ್ದು.